ಮುಚ್ಚುಸಾಲು

ಗದಗ
ಉಳಿಕೆ ತಿಂಗಳ ಆರನೆಯ ದಿನ, ೨೨೩೧

ಹಿಂದಿನವರೇ,

ಈ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ಹುಡುಕುವ ಗೋಜಿಗೆ ಹೋಗಬೇಡಿ. ಹನ್ನೆರಡು ತಿಂಗಳುಗಳನ್ನು ಇಪ್ಪತ್ತೆಂಟು ದಿನಗಳಿಗೆ ಸಮ ಮಾಡುವಾಗ ಅಲ್ಲಿ ಇಲ್ಲಿ ಮಿಕ್ಕ ದಿನಗಳನ್ನೆಲ್ಲ ಗುಡಿಸಿ ವರ್ಷದ ಕೊನೆಗೆ ಗುಡ್ಡೆ ಹಾಕಿದರು, ಅದಕ್ಕೆ ಉಳಿಕೆ ಎಂದು ಹೆಸರಿಟ್ಟರು. ಈ ತಿಂಗಳು ನಾನು ದುಡಿಯುವ ಅಚ್ಚಿನ ಮನೆಗೆ ರಜೆ, ಹಾಗಾಗಿ ನನಗೆ ಬರೆಯಲು ಪುರಸೊತ್ತು. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ಹಳೆಯ ಪುಸ್ತಕಗಳನ್ನು ನೋಡಿ ಕಲಿತವಳು ನಾನು. ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ, ಕೆಲವು ಹಳಸಿದಂತೆ ಕಂಡರೆ, ಕ್ಷಮಿಸಿಬಿಡಿ. ಅಂಚೆ ಕಚೇರಿಯಲ್ಲಿ ಹಿಂದಕ್ಕೆ ಹೋಗುವ ಕಾಗದಗಳಿಗೆಂದೇ ಒಂದು ಡಬ್ಬಿ ಇದೆ. ಅದರೊಳಗೆ ಹಾಕಿದ್ದು ನಿಜವಾಗಿ ಮುಟ್ಟುತ್ತದೆಯೇ ಎಂದು ಅಲ್ಲಿ ಕೂತವನನ್ನು ಕೇಳಿದೆ. "ಹಾಕ್ರಿ ಅಕ್ಕಾರ, ಮುಟ್ಟಿದ್ರ ಮುಟ್ಟತೈತಿ, ಇಲ್ಲಂದ್ರ ನಿಮ್ಮ ಎದಿ ಭಾರರ ಇಳೀತೈತಿ" ಅಂದ. ನನ್ನ ಎದೆಯಲ್ಲಿ ಭಾರವೇನೂ ಇಲ್ಲ. ಏನೂ ಇಲ್ಲ. ತೊಂದರೆ ಇರುವುದೇ ಅಲ್ಲಿ.

ನಿಮ್ಮ ಕಾಲದ ಬಗ್ಗೆ ನನಗೆ ತಿಳಿದದ್ದು ಇಷ್ಟು. ಮನಸ್ಸನ್ನು ಸರಿ ಮಾಡಿಕೊಳ್ಳುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳನ್ನು ನೀವು ಬಸ್ ಸ್ಟ್ಯಾಂಡಿನಲ್ಲಿ, ರೈಲು ನಿಲ್ದಾಣದಲ್ಲಿ ರಾಶಿ ಹಾಕಿ ಮಾರುತ್ತಿದ್ದಿರಿ. ಅದೇ ಊರಿನ ಯಾವುದೋ ಗಲ್ಲಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಮನಸ್ಸಿನ ಮಾತು ಕೇಳುವ ಆಪ್ತಸಮಾಲೋಚಕರೊಬ್ಬರು ಬೋರ್ಡು ಹಾಕಿಕೊಂಡು ಕೂತಿರುತ್ತಿದ್ದರು. ಪುಸ್ತಕವನ್ನು ನೀವು ಎಲ್ಲರೆದುರು ಕೊಳ್ಳುತ್ತಿದ್ದಿರಿ, ಕೈಯಲ್ಲಿ ಹಿಡಿದು ಓಡಾಡುತ್ತಿದ್ದಿರಿ. ಆ ಮೆಟ್ಟಿಲನ್ನು ಮಾತ್ರ ಅತ್ತಿತ್ತ ನೋಡಿ, ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತುತ್ತಿದ್ದಿರಿ. ಬಹಳ ಮಂದಿ ಹತ್ತದೆಯೇ ವಾಪಸಾಗುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ನಗು ಬರಬೇಕಿತ್ತು, ಯಾಕೆಂದರೆ ನಾವೂ ಹಾಗೆಯೇ ಇದ್ದೇವೆ.

ನಮ್ಮಲ್ಲಿ ಆ ಮೆಟ್ಟಿಲುಗಳು ಹೆಚ್ಚು ಕಡಿಮೆ ಉಳಿದಿಲ್ಲ. ಅವನ್ನು ಯಾರೂ ಕೆಡವಲಿಲ್ಲ, ಯಾರೂ ಬಂದ್ ಮಾಡಿಸಲಿಲ್ಲ. ಹತ್ತುವವರಿಲ್ಲದೆ ಹೋಯಿತು ಅಷ್ಟೆ. ಮೊದಲು ಎಲ್ಲರಿಗೂ ಒಂದೇ ಪುಸ್ತಕವಿತ್ತು. ಆಮೇಲೆ ದುಃಖಕ್ಕೊಂದು, ಸಿಟ್ಟಿಗೊಂದು, ನಿದ್ದೆ ಬಾರದವರಿಗೊಂದು ಆದವು. ಕೊನೆಗೆ ಒಬ್ಬೊಬ್ಬರಿಗೂ ಅವರದೇ ಪುಸ್ತಕ ಬಂತು. ಅದನ್ನು ನಾವು ತನ್ನೋದು ಎನ್ನುತ್ತೇವೆ, ತನ್ನನ್ನು ತಾನು ಓದಿಕೊಳ್ಳುವುದು ಎಂದು. ಹನ್ನೆರಡು ತುಂಬಲಿರುವ ಮಗುವಿನ ಮಣಿಕಟ್ಟಿಗೆ ಉಸಿರುಪಟ್ಟಿ ಎಂಬ ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಮಗು ಯಾವಾಗ ಹೆದರಿತು, ಯಾವ ಮಾತಿಗೆ ಉಸಿರು ಬಿಗಿಹಿಡಿಯಿತು, ನಿದ್ದೆಯಲ್ಲಿ ಏನು ಗೊಣಗಿತು ಎಂಬುದನ್ನೆಲ್ಲ ಅದು ಕೂಡಿಡುತ್ತದೆ. ಅಚ್ಚಿನ ಮನೆಯ ಯಂತ್ರ ಅದರಿಂದ ಪುಸ್ತಕ ಹೊಸೆಯುತ್ತದೆ. ಆಮೇಲೆ ವರ್ಷವರ್ಷವೂ ಕೆಲವು ದಿನ ಪಟ್ಟಿ ಕಟ್ಟಿ ಹೊಸ ಮುದ್ರಣ ತೆಗೆಯುತ್ತಾರೆ, ಸಾಯುವವರೆಗೆ. ಕಾಗದ ನಮ್ಮ ಸೀಮೆಯ ಶೇಂಗಾ ಸಿಪ್ಪೆಯದು, ತುಸು ಕಂದು, ಬೆರಳಿಗೆ ಒರಟು. ನಿಮ್ಮ ಪುಸ್ತಕಗಳು ಓದುವವರನ್ನು 'ಪ್ರಿಯ ಓದುಗರೇ' ಎಂದು ಕರೆಯುತ್ತಿದ್ದವು. ನನ್ನದು ಸಾವಂತ್ರೆವ್ವ ಎನ್ನುತ್ತದೆ, ಯಾಕೆಂದರೆ ನಾನು ಸಾವಂತ್ರೆವ್ವ.

ನಮ್ಮ ದಿನ ಹೇಗಿರುತ್ತದೆಂದು ಹೇಳದಿದ್ದರೆ ಮುಂದಿನದು ನಿಮಗೆ ತಲೆಬುಡ ತಿಳಿಯುವುದಿಲ್ಲ. ಬಿಸಿಲು ಏರುವ ಮೊದಲೇ ಅರ್ಧ ಕೆಲಸ ಮುಗಿಸುವ ಊರು ನಮ್ಮದು. ಬೀದಿಗಳಿಗೆ ಈ ತುದಿಯಿಂದ ಆ ತುದಿಯವರೆಗೆ ಚಪ್ಪರ ಹಾಕಿದೆ, ಅದರ ಕೆಳಗೆ ಕಟ್ಟೆಗಳು. ಬೆಳಿಗ್ಗೆ ಗಂಟೆ ಹೊಡೆದ ಕೂಡಲೇ ಎಲ್ಲರೂ ತಂತಮ್ಮ ತನ್ನೋದು ಹಿಡಿದು ಕಟ್ಟೆಗೆ ಬಂದು ಕೂರುತ್ತಾರೆ. ಆ ಹೊತ್ತಿನಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ, ನಾಯಿಗಳು ಕೂಡ ಸುಮ್ಮನಿರುವುದನ್ನು ಕಲಿತಿವೆ. ನಮ್ಮ ಮನೆಗಳಲ್ಲಿ ಕುರ್ಚಿಗಳೆಲ್ಲ ಕಿಟಕಿಗೆ ಮುಖ ಮಾಡಿರುತ್ತವೆ, ಓದಲು ಬೆಳಕು ಬೇಕಲ್ಲ. ದಾರಿಯಲ್ಲಿ ಸಿಕ್ಕವರು "ಆರಾಮಿದ್ದೀರೇನ್ರಿ" ಅನ್ನುವುದಿಲ್ಲ, "ಓದಿದ್ರೇನ್ರಿ" ಅನ್ನುತ್ತಾರೆ. ಬಸ್ಸಿನಲ್ಲಿ ಯಾರಾದರೂ ಅಳುತ್ತ ಕೂತಿದ್ದರೆ ಪಕ್ಕದವರು ಅವರ ಚೀಲಕ್ಕೆ ಕೈ ಹಾಕಿ, ತನ್ನೋದು ತೆಗೆದು, ಅವರ ತೊಡೆಯ ಮೇಲಿಟ್ಟು, ಮುಖ ಆ ಕಡೆ ತಿರುಗಿಸುತ್ತಾರೆ. ಅದು ನಮ್ಮಲ್ಲಿ ಮರ್ಯಾದೆ. ಗಂಡ ಹೆಂಡತಿಗೆ ಮನಸ್ತಾಪ ಬಂದರೆ ಇಬ್ಬರೂ ತಂತಮ್ಮ ಕುರ್ಚಿಗೆ ಹೋಗುತ್ತಾರೆ, ಎದ್ದು ಬರುವಾಗ ಇಬ್ಬರದೂ ಸಿಟ್ಟು ಇಳಿದಿರುತ್ತದೆ. ಯಾಕೆ ಸಿಟ್ಟು ಬಂದಿತ್ತು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾದ ಪ್ರಸಂಗವೇ ಬರುವುದಿಲ್ಲ. ಹೊರಗಿನವರು ಯಾರಾದರೂ ನೋಡಿದರೆ ಎಂಥ ಶಾಂತವಾದ ಊರು ಎಂದಾರು.

ನಾನು ಅಚ್ಚಿನ ಮನೆಯಲ್ಲಿ ತಿದ್ದುವವಳು. ಯಂತ್ರ ಹೊಸೆದ ಪುಸ್ತಕ ಅಚ್ಚಾಗುವ ಮೊದಲು ನಮ್ಮ ಕೈಗೆ ಬರುತ್ತದೆ. ಕಾಗುಣಿತ ನೋಡುವುದು ನಮ್ಮ ಕೆಲಸವಲ್ಲ, ಅದನ್ನು ಯಂತ್ರ ನೋಡಿಕೊಳ್ಳುತ್ತದೆ. ನಾವು ಹುಡುಕುವುದು ಮುಚ್ಚುಸಾಲನ್ನು. ಹಾಗೆಂದರೆ, ಓದುವವರು ಓದುತ್ತ ಓದುತ್ತ ಇದ್ದಕ್ಕಿದ್ದಂತೆ ಪುಸ್ತಕ ಮುಚ್ಚಿ ಎದ್ದುಬಿಡುವಂಥ ಸಾಲು. ಚುಚ್ಚುವ ಸಾಲು, ಇಲ್ಲವೆ ಅವರು ನಿರೀಕ್ಷಿಸದ ಪ್ರಶ್ನೆ, ಇಲ್ಲವೆ ಅವರ ಬಗ್ಗೆ ತಪ್ಪಾಗಿ ಊಹಿಸಿದ ಮಾತು. ಅಂಥದ್ದು ಕಣ್ಣಿಗೆ ಬಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತೇವೆ. ಯಂತ್ರ ಆ ಜಾಗದಲ್ಲಿ ಮೆತ್ತನೆಯದೊಂದನ್ನು ಇಡುತ್ತದೆ. 'ನಿನಗೆ ಹಾಗೆ ಅನ್ನಿಸುವುದು ಸಹಜ' ಎಂಬ ಸಾಲನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಓದಿದ್ದೇನೋ ದೇವರೇ ಬಲ್ಲ. ನನ್ನ ಕೈ ಬಹಳ ಚುರುಕು ಎಂದು ಅಚ್ಚಿನ ಮನೆಯಲ್ಲಿ ಹೆಸರಿದೆ. ನಾನು ತಿದ್ದಿದ ಪುಸ್ತಕವನ್ನು ಮುಚ್ಚಿ ಎದ್ದವರು ಇಲ್ಲ ಎನ್ನುತ್ತಾರೆ.

ನನ್ನ ಗಂಡ ಫಕ್ಕೀರಪ್ಪ ಗಾಳಿಗಂಬದ ಕೆಲಸಗಾರ. ಕಪ್ಪತಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಆ ರೆಕ್ಕೆಗಂಬಗಳು ನಿಮ್ಮ ಕಾಲದಲ್ಲೂ ಇದ್ದವು, ಈಗ ಅವು ಇನ್ನೂ ಎತ್ತರವಾಗಿವೆ. ಅವನ್ನು ಹತ್ತಿ ಎಣ್ಣೆ ಬಿಡುವುದು, ತುಕ್ಕು ಕೆರೆಯುವುದು ಅವನ ಕೆಲಸ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಹೋದಾಗ ಅವನು ಇಳಿಯುತ್ತಿದ್ದ, ಸೊಂಟದ ಕೊಂಡಿ ಕಳಚಿ ನನ್ನ ಕಣ್ಣೆದುರು ಬಿದ್ದ. ಇದನ್ನು ಇಷ್ಟು ಸಲೀಸಾಗಿ ಬರೆಯುತ್ತಿದ್ದೇನಲ್ಲ, ನೋಡಿ, ಹೀಗೆಯೇ ಆಗಿದೆ ನನಗೆ. ಮಣ್ಣು ಮಾಡಿ ಬಂದವಳು ಕುರ್ಚಿಯಲ್ಲಿ ಕೂತು ತನ್ನೋದಿನಲ್ಲಿ ಸಾವಿಗೆಂದು ಮೊದಲೇ ಬರೆದಿಟ್ಟ ಅಧ್ಯಾಯ ತೆಗೆದೆ. ಅದು ನನ್ನನ್ನು ಹೆಸರಿಟ್ಟು ಕರೆಯಿತು. ಸ್ನಾನ ಮಾಡು ಎಂದಿತು, ಮಾಡಿದೆ. ಎರಡು ತುತ್ತು ತಿನ್ನು ಎಂದಿತು, ತಿಂದೆ. ಅದಿಲ್ಲದಿದ್ದರೆ ಆ ವಾರ ನಾನು ಹಾಸಿಗೆಯಿಂದ ಏಳುತ್ತಿರಲಿಲ್ಲ, ಈ ಮಾತನ್ನು ಮುಚ್ಚಿಡುವುದಿಲ್ಲ. ನೋವು ಬರಬೇಕಾದಲ್ಲೆಲ್ಲ ಅದು ಮೊದಲೇ ಬಂದು ಕೂತಿರುತ್ತಿತ್ತು. ನೋವು ಬರಲೇ ಇಲ್ಲ. ಆಮೇಲೆ ರೊಟ್ಟಿಯ ರುಚಿ ಹೋಯಿತು, ಹಾಡು ಕೇಳಿದರೆ ಬರೀ ಸಪ್ಪಳ ಅನ್ನಿಸತೊಡಗಿತು, ಮಗಳು ಬಂದು ಬೆನ್ನಿಗೆ ಒರಗಿದರೆ ಒರಗಿದ್ದಾಳೆ ಎಂದು ತಿಳಿಯುತ್ತಿತ್ತು, ಅಷ್ಟೆ. ಒಳಗೆ ಮರಗಟ್ಟಿತ್ತು. ಹೊಸ ಮುದ್ರಣ ಬಂದಾಗ ಅದರಲ್ಲಿ 'ನೀನು ಚೇತರಿಸಿಕೊಂಡಿದ್ದೀ ಸಾವಂತ್ರೆವ್ವ' ಎಂದಿತ್ತು.

ಮಗಳ ಹೆಸರು ಕಾಶವ್ವ, ನಾವು ಕರೆಯುವುದು ಕಾಶಿ. ನಮ್ಮ ಕಾಲದಲ್ಲಿ ಹಳೆಯ ಹೆಸರುಗಳು ಮತ್ತೆ ಚಾಲ್ತಿಗೆ ಬಂದಿವೆ. ಈ ವರ್ಷ ಅವಳಿಗೆ ಹನ್ನೆರಡು, ಕೈಗಿಡುವ ವರ್ಷ. ಕೈಗಿಡುವುದು ಎಂದರೆ ನಮ್ಮಲ್ಲಿ ಮದುವೆಯಷ್ಟೇ ದೊಡ್ಡ ಶಾಸ್ತ್ರ. ನೆಂಟರು, ಓಣಿಯವರು ಸೇರುತ್ತಾರೆ, ಹೋಳಿಗೆ ಮಾಡುತ್ತಾರೆ. ತಾಯಿಯಾದವಳು ಮೊದಲ ತನ್ನೋದನ್ನು ಹೊಸ ರವಿಕೆಯ ಖಣದಲ್ಲಿ ಸುತ್ತಿ ಮಗುವಿನ ಕೈಗಿಟ್ಟು "ಇನ್ನ ಮ್ಯಾಲೆ ಇದನ್ನ ಕೇಳು" ಎನ್ನಬೇಕು. ಅಲ್ಲಿಗೆ ತಾಯಿಯ ಒಂದು ಜವಾಬ್ದಾರಿ ಮುಗಿಯಿತು. ಆಮೇಲೆ ಮಗು ಸಪ್ಪೆ ಮುಖ ಹಾಕಿಕೊಂಡು ಹತ್ತಿರ ಬಂದರೆ "ಓದಿದೇನು?" ಎಂದು ಕೇಳಿ ಕಳಿಸುತ್ತಾರೆ. ನನ್ನನ್ನೂ ಹಾಗೆ ಕಳಿಸಿದ್ದರು, ನನ್ನ ಅವ್ವನನ್ನೂ. ಅದರಲ್ಲಿ ಯಾರಿಗೂ ಕ್ರೂರವಾದದ್ದು ಏನೂ ಕಾಣುವುದಿಲ್ಲ.

ಉಸಿರುಪಟ್ಟಿ ಕಟ್ಟಿಸಿಕೊಂಡ ಮೇಲೆ ಕಾಶಿ ಮಾತು ಕಡಿಮೆ ಮಾಡಿದಳು. ಒಂದು ಬೆಳಿಗ್ಗೆ ನಾನು ರೊಟ್ಟಿ ಬೇಯಿಸುತ್ತಿದ್ದೆ, ಅವಳು ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದಳು. ಇದ್ದಕ್ಕಿದ್ದಂತೆ "ಅವ್ವಾ, ಕೈ! ಕೈ!" ಎಂದು ಕಿರುಚಿದಳು. ನೋಡಿದರೆ ನನ್ನ ಎಡಗೈ ಹಂಚಿನ ಅಂಚಿಗೆ ಒತ್ತಿಕೊಂಡೇ ಇತ್ತು, ಚರ್ಮ ಬಿಳುಚಿ ಸುಲಿಯುತ್ತಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಅವಳು ನನ್ನ ಕೈಯನ್ನು ನೀರಿನಲ್ಲಿ ಅದ್ದಿ ಹಿಡಿದುಕೊಂಡಳು, ಅವಳದೇ ಕೈ ಸುಟ್ಟಂತೆ ತುಟಿ ಕಚ್ಚಿಕೊಂಡಿದ್ದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು: "ನನ್ನ ತನ್ನೋದು ಬಂದ ಮ್ಯಾಲೆ ನಾನೂ ಹಿಂಗ ಆಗ್ತೇನೇನವ್ವಾ?"

ನಾನು ಕೈಗೆ ಬಟ್ಟೆ ಸುತ್ತಿಕೊಂಡು ಉಳಿದ ರೊಟ್ಟಿ ಬೇಯಿಸಿದೆ. ಸಂಜೆ ತನ್ನೋದು ತೆರೆದು ನೋಡಿದೆ, ಮಕ್ಕಳು ಇಂಥ ಪ್ರಶ್ನೆ ಕೇಳುವುದು ಸಹಜ ಎಂದು ಬರೆದಿತ್ತು. ಬರೆದದ್ದು ಚೆನ್ನಾಗಿಯೇ ಇತ್ತು. ಆದರೆ ಅವಳು ಆಗುತ್ತಾಳೆಯೇ ಇಲ್ಲವೇ ಎಂಬುದು ಅದರಲ್ಲಿ ಇರಲಿಲ್ಲ, ಯಾಕೆಂದರೆ ಅದು ನನ್ನ ಪುಸ್ತಕ.

ಬೆಟಗೇರಿಯಲ್ಲಿ ನೇಯ್ಗೆಯವರ ಓಣಿಯಲ್ಲಿ ಎದುರು ಕೂರುವವರು ಒಬ್ಬರು ಉಳಿದಿದ್ದಾರೆಂದು ಕೇಳಿದ್ದೆ. ನೀವು ಆಪ್ತಸಮಾಲೋಚಕರು ಎನ್ನುತ್ತಿದ್ದವರನ್ನು ನಾವು ಹಾಗೆ ಕರೆಯುತ್ತೇವೆ. ಹೆಸರು ದಾವಲಬಿ, ನಡುವಯಸ್ಸಿನವರು, ಧಾರವಾಡದಲ್ಲಿ ಓದಿದವರು. ಮಗ್ಗದ ಶೆಡ್ಡಿನ ಮೇಲೆ ಅವರ ಕೋಣೆ, ಕೆಳಗೆ ಇಡೀ ದಿನ ಖಟಖಟ. ನಾನು ಸೆರಗು ಮುಖಕ್ಕೆ ಎಳೆದುಕೊಂಡು ಹಿಂದಿನ ಮೆಟ್ಟಿಲಿನಿಂದ ಹತ್ತಿದೆ. ಅಚ್ಚಿನ ಮನೆಯವಳೇ ಇಲ್ಲಿಗೆ ಬಂದಳು ಎಂದರೆ ಅಚ್ಚಿನ ಮನೆಯ ಮಾನ ಹೋದಂತೆ. ಕೋಣೆಯಲ್ಲಿ ಎರಡು ಕುರ್ಚಿ ಒಂದಕ್ಕೊಂದು ಮುಖ ಮಾಡಿಕೊಂಡಿದ್ದವು. ಯಾರೋ ಹುಡುಗರು ಅಡ್ಡಾದಿಡ್ಡಿ ಇಟ್ಟುಹೋಗಿದ್ದಾರೆ ಎಂದುಕೊಂಡು ನನ್ನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಕೂತೆ. ಕೂತು, ಅವರು ನನ್ನ ಅಧ್ಯಾಯ ಶುರು ಮಾಡಲಿ ಎಂದು ಕಾದೆ. ಹಿಂದಿನಿಂದ ಧ್ವನಿ ಬಂತು: "ಈ ಕಡೆ ತಿರುಗ್ರಿ. ನಿಮ್ಮ ಬೆನ್ನಿನ ಕೂಡ ಏನಂತ ಮಾತಾಡ್ಲಿ?"

ತಿರುಗಿ ಕೂತೆ. ಆದರೂ ಕಾಯುತ್ತಲೇ ಇದ್ದೆ. ಓದುವಾಗ ಓದುವವಳು ಮಾತಾಡುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ ಎಂದುಕೊಂಡಿದ್ದೆ. ಅವರು ಚಹಾ ಬಗ್ಗಿಸಿಕೊಟ್ಟರು, ಕುಡಿದೆ. ಒಂದು ಸಲ ಆಕಳಿಸಿದರು. ಇವರ ಪುಟ ಯಾವಾಗ ತಿರುಗುತ್ತದೋ ಎಂದು ನಾನು ಸುಮ್ಮನೆ ಅವರ ಬಾಯಿ ನೋಡುತ್ತ ಕೂತೆ. ಹೊತ್ತಾದ ಮೇಲೆ ಅವರೇ ನಕ್ಕುಬಿಟ್ಟರು. "ಸಾವಂತ್ರೆವ್ವಾರ, ನೀವು ಹೇಳಬೇಕು, ನಾ ಕೇಳಬೇಕು. ಇಲ್ಲಿ ಹಂಗ ನಡೀತೈತಿ" ಅಂದರು. ನನಗೆ ಹೇಳುವುದಕ್ಕೆ ಏನೂ ಇಲ್ಲ ಎಂದೆ. "ಹಂಗಾರ ಮುಂದಿನ ವಾರ ಬಂದು ಏನೂ ಇಲ್ಲ ಅಂತನ ಹೇಳ್ರಿ" ಅಂದರು. ಇದೆಂಥ ವಿದ್ಯೆ ಎಂದು ಮನಸ್ಸಿನಲ್ಲೇ ಬೈದುಕೊಂಡು ಇಳಿದೆ. ಮುಂದಿನ ವಾರ ಮತ್ತೆ ಹೋದೆ, ಯಾಕೆ ಹೋದೆನೋ ತಿಳಿಯದು. ಕಾಶಿ ಕೇಳಿದ್ದು ಕಿವಿಯಲ್ಲಿತ್ತು.

ಸುದ್ದಿ ನನ್ನ ನಾದಿನಿ ಕಲ್ಲವ್ವನ ಕಿವಿಗೆ ಬಿತ್ತು. ಫಕ್ಕೀರಪ್ಪನ ತಂಗಿ ಅವಳು, ಕೆಟ್ಟವಳಲ್ಲ, ನಮ್ಮ ಮೇಲೆ ಜೀವ ಇಟ್ಟುಕೊಂಡವಳು. ಬಂದವಳೇ ಬಾಗಿಲು ಹಾಕಿಕೊಂಡು, "ವೈನಿ, ನಿನ್ನ ತನ್ನೋದ್ಯಾಗ ಏನರ ತಪ್ಪೈತೇನು? ಇದ್ರ ತಿದ್ದಿಸ್ಕೋ. ನೀನ ಹಿಂಗ ಯಾರದೋ ಮುಂದ ಹೋಗಿ ಕುಂತ್ರ ಮಂದಿ ಏನಂದಾರು? ಹುಡುಗೀದು ಕೈಗಿಡೂದು ಬ್ಯಾರೆ ಹತ್ರ ಬಂದೈತಿ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಅವಳ ತನ್ನೋದು ತೆಗೆದು ಅವಳ ತೊಡೆಯ ಮೇಲಿಟ್ಟೆ. ಅಭ್ಯಾಸ, ಏನು ಮಾಡಲಿ.

ದಾವಲಬಿಯವರು ಬಹಳ ಜಾಣರೇನೂ ಅಲ್ಲ ಎಂದು ಹೇಳಿಬಿಡುತ್ತೇನೆ. ಹೇಳಿದ್ದನ್ನು ಮರೆಯುತ್ತಿದ್ದರು, ನನಗೆ ಇಬ್ಬರು ಮಕ್ಕಳೆಂದು ಒಮ್ಮೆ ತಿಳಿದಿದ್ದರು. ತನ್ನೋದು ಎಂದೂ ಹಾಗೆ ಮಾಡುವುದಿಲ್ಲ. ಇದನ್ನು ನಾನು ಮುಖದ ಮೇಲೆಯೇ ಅಂದೆ. ಅವರಿಗೆ ಬೇಜಾರಾಗಲಿಲ್ಲ. "ಪುಸ್ತಕ ಒಗೀರಿ ಅಂತ ನಾ ಅನ್ನೂದಿಲ್ಲ. ನಂದೂ ಒಂದೈತಿ, ಚಲೋನ ಐತಿ. ಅದರಾಗ ಬರೇ ನಾ ಇದ್ದೇನಿ, ನೀವಿಲ್ಲ ನೋಡ್ರಿ" ಅಂದರು. ಅದೇ ದಿನ, ಗಾಳಿಗಂಬದಿಂದ ಬೀಳುವವರ ಬಗ್ಗೆ ಮಾತು ಬಂದಾಗ, ಸಹಜವಾಗಿ ಕೇಳಿದರು: "ನಿಮ್ಮ ಯಜಮಾನ್ರು ಆವತ್ತ ಕುಡಿದಿದ್ರೇನ್ರಿ?"

ಅದು ಅಪ್ಪಟ ಮುಚ್ಚುಸಾಲು. ನನ್ನ ಮೇಜಿನ ಮೇಲೆ ಬಂದಿದ್ದರೆ ಎರಡು ಸಲ ಗೀಟು ಎಳೆದಿರುತ್ತಿದ್ದೆ. ನಾನು ಎದ್ದು ನಿಂತೆ. ಕಿವಿ ಕಾದಿತ್ತು. "ಅವ ಎಂದೂ ಕುಡಿದವನಲ್ಲ ಅಕ್ಕಾರ! ಏನ್ ಮಾತಾಡಾಕತ್ತೀರಿ ನೀವು? ನಾ ಕಂಡೇನಿ, ನಾ ಅಲ್ಲೇ ಇದ್ದೆ, ಅವ ನನ್ನ ಕೂಡ ಮಾತಾಡಾಕತ್ತಿದ್ದ!" ಎಂದು ಕೂಗಿದೆ. ಕೆಳಗಿನ ಮಗ್ಗ ಒಂದು ಕ್ಷಣ ನಿಂತಿತು, ಯಾರಿಗೋ ಕೇಳಿಸಿರಬೇಕು. ಇವರನ್ನು ಬಿಟ್ಟರೆ ಎರಡು ವರ್ಷದಲ್ಲಿ ನನ್ನ ಬಗ್ಗೆ ತಪ್ಪು ತಿಳಿದವರೇ ಇರಲಿಲ್ಲ. ಪುಸ್ತಕ ನನ್ನಿಂದಲೇ ಹುಟ್ಟಿದ್ದು, ಅದು ಹೇಗೆ ತಪ್ಪು ತಿಳಿದೀತು? ಅದಕ್ಕೆ ನಾನು ಏನನ್ನೂ ಹೇಳಬೇಕಾಗಿರಲಿಲ್ಲ. ಎದುರಿಗಿರುವ ಈ ಹೆಂಗಸಿಗೆ ಗೊತ್ತಿಲ್ಲ, ಹಾಗಾಗಿ ನಾನೇ ಹೇಳಬೇಕು. ದಾವಲಬಿಯವರು ತಪ್ಪಾಯಿತು ಎಂದರು. ಆಮೇಲೆ ಮೆಲ್ಲಗೆ, "ಮಾತಾಡಾಕತ್ತಿದ್ರು ಅಂದ್ರಿ. ಏನಂದ್ರು?" ಎಂದು ಕೇಳಿದರು. ಅದನ್ನು ನಾನು ಹೇಳಲಾರೆ ಎಂದೆ. ಚೀಲ ತೆಗೆದುಕೊಂಡು ಇಳಿದುಬಂದೆ.

ಕೈಗಿಡುವ ದಿನ ಬಂತು. ಅಂಗಳದಲ್ಲಿ ಚಾಪೆ ಹಾಸಿದ್ದೆವು. ಕಲ್ಲವ್ವ ಹೋಳಿಗೆ ಮಾಡಿದ್ದಳು, ಓಣಿಯವರೆಲ್ಲ ತಂತಮ್ಮ ತನ್ನೋದು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಾಶಿ ಹೊಸ ಲಂಗ ಉಟ್ಟು ಮಣೆಯ ಮೇಲೆ ಕೂತಳು. ಅವಳ ಮಣಿಕಟ್ಟಿನಲ್ಲಿ ಉಸಿರುಪಟ್ಟಿ ಬಿಚ್ಚಿದ ಜಾಗ ಬೆಳ್ಳಗಿತ್ತು. ನಾನು ಖಣದಲ್ಲಿ ಸುತ್ತಿದ ಪುಸ್ತಕ ಹಿಡಿದು ಅವಳೆದುರು ಕೂತೆ. ಎದುರಿಗೆ ಅಂದರೆ ಎದುರಿಗೇ, ಮುಖಕ್ಕೆ ಮುಖ ಕೊಟ್ಟು. ಅವಳು ಎರಡೂ ಕೈ ಚಾಚಿದಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಆ ನಾಲ್ಕು ಮಾತು ನನಗೆ ಬಾಯಿಪಾಠ, ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ: "ಕಾಶೀ, ನನ್ನನ್ನ ಕೇಳು."

ಯಾರಿಗೂ ಅರ್ಥವಾಗಲಿಲ್ಲ. ಕಲ್ಲವ್ವ ಹತ್ತಿರ ಬಂದು, "ವೈನಿ, ಇದನ್ನ ಕೇಳು ಅನ್ನಬೇಕು, ಇದನ್ನ" ಎಂದು ಪಿಸುಗುಟ್ಟಿದಳು, ನಾನು ಮರೆತೆನೆಂದು ತಿಳಿದು. ಕಾಶಿಗೆ ಮಾತ್ರ ಅರ್ಥವಾಗಿತ್ತು. ಅವಳ ಮುಖ ಮೆತ್ತಗಾಗಲಿಲ್ಲ, ಬಿಗಿಯಿತು. ಎರಡು ವರ್ಷದ ಸಿಟ್ಟು ಅದರಲ್ಲಿತ್ತು. "ಕೇಳಿದ್ರ ಹೇಳ್ತೀ ಏನು?" ಎಂದಳು. ನಾನು ಹೂಂ ಎಂದೆ. "ಹಂಗಾರ ಹೇಳು. ಅಪ್ಪ ಬೀಳೂಮುಂದ ಏನಂದ?"

ಅಂಗಳದಲ್ಲಿ ಒಬ್ಬೊಬ್ಬರಾಗಿ ತಲೆ ತಗ್ಗಿಸಿ ತಂತಮ್ಮ ಪುಸ್ತಕ ತೆರೆದರು. ಅದೂ ಮರ್ಯಾದೆಯೇ. "ಅದನ್ನೆಲ್ಲ ತನ್ನೋದ್ಯಾಗ ಓದ್ಕೊಳ್ಳುವಿಯಂತ ಬಂಗಾರ, ಈಗ ಯಾಕದು" ಎಂದು ಕಲ್ಲವ್ವ ಅವಳ ತಲೆ ಸವರಿದಳು. ಆದರೆ ಅದು ಯಾವ ತನ್ನೋದಿನಲ್ಲೂ ಇಲ್ಲ. ಅವಳದರಲ್ಲಿಲ್ಲ, ಅವಳು ಅಲ್ಲಿರಲಿಲ್ಲ. ನನ್ನದರಲ್ಲಿ ಇರಬಹುದಿತ್ತು, ಆದರೆ ಅವನು ಹೋದ ಮೊದಲ ವರ್ಷದ ಮುದ್ರಣದಲ್ಲಿ ಆ ಜಾಗಕ್ಕೆ ಯಾರೋ ಗೀಟು ಎಳೆದಿರಬೇಕು, ನನ್ನಂಥವಳೇ ಯಾರೋ. ಲೋಕದಲ್ಲಿ ಅದು ಉಳಿದಿದ್ದದ್ದು ನನ್ನ ಬಾಯಲ್ಲಿ ಮಾತ್ರ.

ಹೇಳಿದೆ. ನಿಮಗೂ ಹೇಳುತ್ತೇನೆ. ಅವನು ಅರ್ಧ ಇಳಿದಿದ್ದ. ನಾನು ಕೆಳಗೆ ಬುತ್ತಿ ಬಿಚ್ಚುತ್ತಿದ್ದೆ. ಅಲ್ಲಿಂದಲೇ ಕೂಗಿ, "ರಂಜಕಾ ತಂದೀ ಏನ?" ಎಂದು ಕೇಳಿದ. ರಂಜಕ ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿ, ಅದಿಲ್ಲದೆ ಅವನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ಮರೆತು ಬಂದಿದ್ದೆ. ಇಲ್ಲ ಎಂದು ತಲೆ ಆಡಿಸಿದೆ. ಅವನು ಗಟ್ಟಿಯಾಗಿ ನಕ್ಕ. "ನಿನಗ ಬುದ್ಧಿ ಬರೂದಿಲ್ಲ ಬಿಡ" ಅಂದ. ಆಮೇಲೆ ಕೊಂಡಿ ಕಳಚಿತು. ಕೂಗಲಿಲ್ಲ, ಯಾರ ಹೆಸರೂ ಹೇಳಲಿಲ್ಲ. ಅಷ್ಟೇ ಅವನು ಅಂದದ್ದು.

ಕಾಶಿ ನನ್ನನ್ನೇ ನೋಡಿದಳು. "ರಂಜಕಾ?" ಎಂದಳು. ಹೂಂ ಎಂದೆ. "ಬುದ್ಧಿ ಬರೂದಿಲ್ಲ ಅಂದನಾ?" ಹೂಂ ಎಂದೆ. ಅವಳಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಪ್ಪ ಥೇಟ್ ಹಾಗೆಯೇ ಅನ್ನುತ್ತಿದ್ದ ಎಂದು ಎಲ್ಲರ ಕಡೆ ತಿರುಗಿ ಹೇಳಿದಳು, ಆ ನಗುವಿನಲ್ಲಿಯೇ ಅಳು ಕಿತ್ತುಕೊಂಡು ಬಂತು. ಮಣೆಯಿಂದ ಜಾರಿ ನನ್ನ ತೊಡೆಯ ಮೇಲೆ ಬಿದ್ದು ಬೋರೆಂದು ಅತ್ತಳು. ಕಲ್ಲವ್ವ ಕಾಶಿಯ ಪುಸ್ತಕಕ್ಕೆ ಕೈ ಹಾಕಿದಳು, ಆಮೇಲೆ ಅದನ್ನು ಅಲ್ಲಿಯೇ ಬಿಟ್ಟು, ತಾನೂ ನೆಲದ ಮೇಲೆ ಕೂತು, "ಅಣ್ಣಾ" ಎಂದು ಒಂದೇ ಒಂದು ಮಾತು ಅಂದಳು. ನನಗೆ ಅಳು ಬರಲಿಲ್ಲ. ಬಂತು ಎಂದು ಬರೆದರೆ ನಿಮಗೆ ಸಮಾಧಾನವಾದೀತು, ಆದರೆ ಬರಲಿಲ್ಲ. ಕಾಶಿಯ ಮೂಗು ಒರೆಸಿದೆ, ಅವಳ ಬೆನ್ನು ಬಿಸಿಯಾಗಿದ್ದದ್ದು ಅಂಗೈಗೆ ತಿಳಿಯಿತು.

ತನ್ನೋದು ಈಗ ಅವಳ ಕಪಾಟಿನಲ್ಲಿದೆ. ಆಗಾಗ ಓದುತ್ತಾಳೆ, ಚಲೋ ಐತಿ ಅನ್ನುತ್ತಾಳೆ. ನಾನು ಬೆಟಗೇರಿಗೆ ಹೋಗುತ್ತಿದ್ದೇನೆ, ಈಗ ಮುಂದಿನ ಮೆಟ್ಟಿಲಿನಿಂದಲೇ ಹತ್ತುತ್ತೇನೆ. ಓಣಿಯಲ್ಲಿ ಕೆಲವರು ಮುಖ ತಿರುಗಿಸುತ್ತಾರೆ. ಅಚ್ಚಿನ ಮನೆಯಲ್ಲಿ ರಜೆ ಮುಗಿದ ಮೇಲೆ ಏನನ್ನುತ್ತಾರೋ ನೋಡಬೇಕು. ದಾವಲಬಿಯವರು ನನ್ನನ್ನು ಪೂರಾ ಸರಿ ಮಾಡುತ್ತಾರೆ ಎಂಬ ನಂಬಿಕೆ ನನಗಿಲ್ಲ, ಅವರಿಗೂ ಇಲ್ಲ. ಕೇಳುತ್ತಾರೆ, ತಪ್ಪು ತಿಳಿಯುತ್ತಾರೆ, ಮತ್ತೆ ಕೇಳುತ್ತಾರೆ.

ಹಿಂದಿನವರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಪುಸ್ತಕ ಕೊಳ್ಳಿ, ಓದಿ, ಅದರಿಂದ ಎದ್ದು ಸ್ನಾನ ಮಾಡುವಂತಾದರೆ ಅದೂ ದೊಡ್ಡದೇ. ಆದರೆ ನಿಮ್ಮ ಊರಿನಲ್ಲಿ ಆ ಮೆಟ್ಟಿಲುಗಳು ಇನ್ನೂ ಇರುವಾಗಲೇ ಹತ್ತಿ. ಹೋಗಿ, ಎದುರು ಕೂತು, ಗೊತ್ತಿಲ್ಲದ ಒಬ್ಬರಿಗೆ ನಿಮ್ಮ ಬಾಯಿಂದಲೇ ಹೇಳಿ. ನೀವು ಹತ್ತದಿದ್ದರೆ ಅವು ನಮ್ಮವರೆಗೆ ಬರುವುದಿಲ್ಲ. ಬಂದಿಲ್ಲ, ನಾನೇ ನೋಡುತ್ತಿದ್ದೇನಲ್ಲ.

ಇನ್ನು ನಿಲ್ಲಿಸುತ್ತೇನೆ. ಕಾಶಿ ಈಗ ದಿನಾ ಕೇಳುತ್ತಾಳೆ, ಒಂದಕ್ಕಿಂತ ಒಂದು ಕಠಿಣ. ಅಪ್ಪನಿಗೆ ನೋವಾಯಿತೇ ಎಂದು ಕೇಳಿದಳು. ಅಪ್ಪನ ಮೇಲೆ ನಿನಗೆ ನಿಜವಾಗಿ ಪ್ರೀತಿ ಇತ್ತೇ ಎಂದು ನಿನ್ನೆ ಕೇಳಿದಳು. ಈಗ ಊಟಕ್ಕೆ ಕೂತವಳು, "ನಾಳೆ ದೊಡ್ಡದೊಂದು ಕೇಳೂದೈತಿ, ನಿನ್ನ ಬಗ್ಗೇನ. ತಯಾರಿರು" ಎಂದು ಹೇಳಿ ಕೈ ತೊಳೆಯಲು ಹೋಗಿದ್ದಾಳೆ. ನನಗೆ ಭಯವಾಗಿದೆ. ಈ ಕೊನೆಯ ಅಕ್ಷರಗಳು ಸೊಟ್ಟಗಾಗಿರುವುದು ಅದಕ್ಕೇ. ಫಕ್ಕೀರಪ್ಪ ಹೋದ ಮೇಲೆ ನನಗೆ ಭಯವಾದದ್ದು ಇದೇ ಮೊದಲು.

ಸಾವಂತ್ರೆವ್ವ